ಮನಿ ಪ್ಲಾಂಟ್ ಹಬ್ಬಿಸುವ ಬಗೆ: ಕುಂಡದಿಂದ ಕೋಲಿನ ತುದಿಯವರೆಗೆ

ಮನಿ ಪ್ಲಾಂಟ್ ಸುಲಭಕ್ಕೆ ಸಾಯುವ ಗಿಡವಲ್ಲ. ಅದಕ್ಕೇ ಇರಬೇಕು, ಅದನ್ನು ಬೆಳೆಸುವುದು ಹೇಗೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಟಿವಿ ಪಕ್ಕದ ಬಾಟಲಿಯಲ್ಲಿ ಐದೆಲೆ, ಅಡುಗೆಮನೆ ಕಿಟಕಿಯಿಂದ ಜೋತುಬಿದ್ದ ಬೋಳು ಬಳ್ಳಿ, ಅದರ ತುದಿಯಲ್ಲಿ ಇನ್ನು ನಾಲ್ಕೆಲೆ. ವರ್ಷಗಟ್ಟಲೆ ಹೀಗೇ ಇರುತ್ತದೆ. ಇದೇ ಬಳ್ಳಿ ಬೀದಿಬದಿಯ ಮರಕ್ಕೋ ಹಿತ್ತಲಿನ ತೆಂಗಿಗೋ ಹಬ್ಬಿದ್ದನ್ನು ನೋಡಿ. ಮೇಲೆ ಹೋದಷ್ಟೂ ಎಲೆ ಅಗಲವಾಗುತ್ತದೆ, ಹತ್ತಡಿ ಎತ್ತರ ಮುಟ್ಟುವ ಹೊತ್ತಿಗೆ ಒಂದೊಂದೂ ಊಟದ ತಟ್ಟೆಗಿಂತ ದೊಡ್ಡದು, ಕೆಲವಕ್ಕೆ ಅಂಚಿನಿಂದ ಒಳಕ್ಕೆ ಸೀಳು. ಬೇರೆ ಯಾವುದೋ ಜಾತಿ ಅಂದುಕೊಳ್ಳುತ್ತೇವೆ. ಅಲ್ಲ, ಕಿಟಕಿಯಲ್ಲಿ ಜೋತುಬಿದ್ದಿರುವುದೂ ಅದೇ.

ಮರದ ಮೇಲಿನ ಬಳ್ಳಿಗೆ ಸಿಕ್ಕಿ ಮನೆಯೊಳಗಿನದಕ್ಕೆ ಸಿಗದಿರುವುದು ಎರಡು: ಬೇರು ಊರಲು ತೇವವಿರುವ ಆಸರೆ, ಮತ್ತು ಬೆಳಕು. ಗೊಬ್ಬರದ ಮಾತು ಆಮೇಲಿನದು. 10 ಇಂಚಿನ ಕುಂಡ, ಮಣ್ಣಿನಿಂದ ಮೇಲೆ 32 ಇಂಚು ನಿಲ್ಲುವ ಕೋಲು, ನಾಲ್ಕು ಬಳ್ಳಿ: ಇಷ್ಟನ್ನು ಮನೆಯೊಳಗೆ ನಿಲ್ಲಿಸಿ ಹಬ್ಬಿಸುವ ಪೂರ್ತಿ ಕ್ರಮ ಇಲ್ಲಿದೆ.

ಗಿಡದ ಸ್ವಭಾವ

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಎಪಿಪ್ರೆಮ್ನಮ್ ಔರಿಯಮ್. ತವರು ಶಾಂತಸಾಗರದ ನಡುವಿನ ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪ. ಕುಟುಂಬದ ಲೆಕ್ಕದಲ್ಲಿ ನಮ್ಮ ಕೆಸು, ಸುವರ್ಣಗೆಡ್ಡೆಗಳ ನೆಂಟ. ಹೂ ಬಿಡುವುದು ಅತಿ ಅಪರೂಪ. ಹೂವಿಗೆ ಬೇಕಾದ ಜಿಬ್ಬೆರೆಲಿನ್ ಎಂಬ ಹಾರ್ಮೋನನ್ನು ಸಾಕಷ್ಟು ತಯಾರಿಸಲು ಈ ಗಿಡಕ್ಕೆ ಆಗುವುದಿಲ್ಲ. ಹೀಗಾಗಿ ಬೀಜದ ಮಾತೇ ಇಲ್ಲ, ನಮ್ಮ ಮನೆಗಳಲ್ಲಿರುವುದೆಲ್ಲ ಕಡ್ಡಿಯಿಂದ ಕಡ್ಡಿಗೆ ದಾಟಿ ಬಂದದ್ದು.

ಬಳ್ಳಿಯ ಒಂದು ಗೆಣ್ಣನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ ಮುಂದಿನ ಕೆಲಸವೆಲ್ಲ ಅರ್ಥವಾಗುತ್ತದೆ. ಕಬ್ಬಿನ ಗೆಣ್ಣಿನಂತೆ ಸಣ್ಣ ಉಂಗುರ. ಅಲ್ಲಿಂದ ಎಲೆಯ ತೊಟ್ಟು ಹೊರಟಿರುತ್ತದೆ. ತೊಟ್ಟಿನ ಕಂಕುಳಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಮೊಗ್ಗು, ಇದು ಮುಂದಿನ ಕವಲು. ಅದೇ ಗೆಣ್ಣಿನಲ್ಲಿ ಕಂದು ಬಣ್ಣದ ಗಟ್ಟಿ ಮೊಳಕೆಯೊಂದು ಇರುತ್ತದೆ, ಅದು ಗಾಳಿಬೇರು. ತೇವ ತಗುಲಿದರೆ ಕೆಲವೇ ದಿನಗಳಲ್ಲಿ ಬಿಳಿ ತುದಿ ಚಾಚುತ್ತದೆ, ಒಣಗಾಳಿಯಲ್ಲಿದ್ದರೆ ಹಾಗೇ ಮುರುಟಿ ಮೊಂಡಾಗಿ ಉಳಿಯುತ್ತದೆ. ಬೇರು ಊರಿದ ಗೆಣ್ಣಿನಿಂದ ಮುಂದೆ ಬರುವ ಎಲೆ ಹಿಂದಿನದಕ್ಕಿಂತ ದೊಡ್ಡದು. ಇಳಿಬಿಟ್ಟ ಬಳ್ಳಿಯಲ್ಲಿ ಲೆಕ್ಕ ತಿರುವುಮುರುವು: ಎಲೆ ಕಿರಿದಾಗುತ್ತ, ಗೆಣ್ಣಿನ ನಡುವಿನ ಅಂತರ ಉದ್ದವಾಗುತ್ತ ಹೋಗುತ್ತದೆ. ಆಸರೆ ಹುಡುಕಿಕೊಂಡು ಓಡುತ್ತಿರುವ ಬಳ್ಳಿ ಅದು, ಎಲೆಗೆ ಖರ್ಚು ಮಾಡುವುದಿಲ್ಲ. ಮೆಣಸಿನ ಬಳ್ಳಿ ನೋಡಿದವರಿಗೆ ಇದೇನೂ ಹೊಸ ಸಂಗತಿಯಲ್ಲ.

ಹೃದಯದಾಕಾರದ ಹಸಿರೆಲೆಯ ಫಿಲೋಡೆಂಡ್ರಾನನ್ನೂ ಇದೇ ಹೆಸರಿನಲ್ಲಿ ಮಾರುವುದುಂಟು. ಗುರುತು ಸುಲಭ. ಫಿಲೋಡೆಂಡ್ರಾನಿನ ಹೊಸ ಎಲೆ ತೆಳುವಾದ ಪೊರೆಯೊಳಗಿಂದ ಬರುತ್ತದೆ, ಆಮೇಲೆ ಆ ಪೊರೆ ಒಣಗಿ ಉದುರುತ್ತದೆ. ಮನಿ ಪ್ಲಾಂಟಿನ ಸುಳಿ ಹಿಂದಿನ ಎಲೆಯ ತೊಟ್ಟಿನ ಮಡಿಕೆಯಿಂದಲೇ ಸುರುಳಿಯಾಗಿ ಹೊರಬರುತ್ತದೆ. ಆರೈಕೆಯಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ, ಬೇರೆಯದು ಬಂತೆಂದು ಬೇಸರ ಬೇಡ.

ಮೊದಲು ಜಾಗ, ಆಮೇಲೆ ಗಿಡ

ಕೋಲಿನ ಮೇಲೆ ಹತ್ತಿದ ಗಿಡವನ್ನು ಆಗಾಗ ಜಾಗ ಬದಲಿಸುವ ಹಾಗಿಲ್ಲ. ಎಲೆಗಳೆಲ್ಲ ಬೆಳಕಿನ ಕಡೆ ಮುಖ ಮಾಡಿ ಒಂದು ಜೋಡಣೆಗೆ ಬಂದಿರುತ್ತವೆ, ಕುಂಡ ತಿರುಗಿಸಿದರೆ ತಿಂಗಳುಗಟ್ಟಲೆ ಗೊಂದಲದಲ್ಲಿರುತ್ತವೆ. ಹಾಗಾಗಿ ಜಾಗ ಗೊತ್ತುಮಾಡಿಕೊಂಡೇ ಕೆಲಸಕ್ಕೆ ಇಳಿಯಿರಿ.

ಮಧ್ಯಾಹ್ನದ ಹೊತ್ತು ಗಿಡ ಇಡಬೇಕೆಂದಿರುವಲ್ಲಿ ಬಿಳಿ ಹಾಳೆ ಹಾಸಿ, ಒಂದಡಿ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಅಚ್ಚೊತ್ತಿದಂತೆ ಕಂಡರೆ ಬೆಳಕು ಜೋರು, ತೆಳು ಪರದೆ ಬೇಕು. ಅಂಚು ಮಸುಕಾಗಿದ್ದರೂ ಕೈಯ ಆಕಾರ ಗೊತ್ತಾಗುತ್ತಿದ್ದರೆ ಅದೇ ಸರಿಯಾದ ಜಾಗ. ನೆರಳೇ ಬೀಳದಿದ್ದರೆ ಗಿಡ ಅಲ್ಲಿ ಬದುಕಬಹುದು, ಹಬ್ಬುವುದಿಲ್ಲ. ಪೂರ್ವದ ಕಿಟಕಿಯಿಂದ ಒಂದರಿಂದ ಮೂರಡಿಯೊಳಗೆ ಇಟ್ಟರೆ ಸಾಮಾನ್ಯವಾಗಿ ಸಾಕು, ಬೆಳಗಿನ ಎಳೆಬಿಸಿಲು ತಗುಲಿದರೂ ತೊಂದರೆಯಿಲ್ಲ. ಪಶ್ಚಿಮದ ಕಿಟಕಿಯಾದರೆ ಮಾರ್ಚ್‌ನಿಂದ ಮೇ ತನಕ ಪರದೆ ಎಳೆದಿರಲಿ. ಆ ಬಿಸಿಲಿಗೆ ಎಲೆಯ ನಡುವೆ ಕಾಗದ ಸುಟ್ಟಂಥ ಬಿಳಿಚು ಕಲೆ ಬೀಳುತ್ತದೆ, ಅದು ಮತ್ತೆ ಹಸಿರಾಗುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಗೋಡೆ ಎದುರಿಗೇ ಇದ್ದು ಬೆಳಕೇ ಇಲ್ಲದಿದ್ದರೆ ಮಾಮೂಲಿ ಬಿಳಿ ಎಲ್‌ಇಡಿ ಬಲ್ಬ್, 9ರಿಂದ 12 ವ್ಯಾಟ್, ಎಲೆಯಿಂದ ಒಂದಡಿ ದೂರದಲ್ಲಿ ದಿನಕ್ಕೆ 10ರಿಂದ 12 ತಾಸು ಉರಿಯಲಿ. ನೇರಳೆ ಬಣ್ಣದ ವಿಶೇಷ ಬಲ್ಬು ಬೇಕಿಲ್ಲ. ಎಸಿಯ ಗಾಳಿ ನೇರ ಬೀಸುವ ಜಾಗ, ಫ್ರಿಜ್ಜಿನ ಪಕ್ಕ, ಒಲೆಯ ಹತ್ತಿರ ಬೇಡ. 18ರಿಂದ 30 ಡಿಗ್ರಿ ಇದಕ್ಕೆ ಹಿತ. 10 ಡಿಗ್ರಿಗಿಂತ ಕೆಳಗಿಳಿದರೆ ಎಲೆ ಕಪ್ಪಾಗುತ್ತದೆ. ನಮ್ಮಲ್ಲಿ ಮನೆಯೊಳಗೆ ಅಷ್ಟು ಚಳಿ ಇರುವುದಿಲ್ಲ, ಚಳಿ ದೇಶಗಳಲ್ಲಿರುವ ಕನ್ನಡಿಗರು ಮಾತ್ರ ಡಿಸೆಂಬರಿನಲ್ಲಿ ಗಿಡವನ್ನು ಕಿಟಕಿಯ ಗಾಜಿಗೆ ತಾಗಿಸಿ ಇಡಬಾರದು.

ಎಲೆಯಲ್ಲಿ ಬಿಳಿ, ಹಳದಿ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು ಬೇಕು, ಬೆಳವಣಿಗೆ ನಿಧಾನ. ಮೊದಲ ಸಲ ಕೋಲಿಗೆ ಹತ್ತಿಸುವವರು ಹಸಿರಿಗೆ ಹಳದಿ ಚಿಮುಕಿಸಿದ ಸಾದಾ ಗೋಲ್ಡನ್ ತಳಿಯನ್ನೇ ತೆಗೆದುಕೊಳ್ಳಿ. ಮಾರ್ಬಲ್ ಕ್ವೀನ್ ಚೆಂದ, ಆದರೆ ತಾಳ್ಮೆ ಬೇಡುತ್ತದೆ. ಎನ್‌ಜಾಯ್‌ನಂಥ ಪುಟ್ಟೆಲೆಯ ತಳಿ ಕೋಲಿಗಿಂತ ಕುಂಡದಲ್ಲಿ ತುಂಬಿಕೊಂಡರೇ ಲಕ್ಷಣ.

ಕಡ್ಡಿ ಬೇರು ಬರಿಸುವುದು

ಕದ್ದು ತಂದ ಮನಿ ಪ್ಲಾಂಟೇ ಚೆನ್ನಾಗಿ ಬರುತ್ತದೆ ಅನ್ನುತ್ತಾರೆ. ಕಾಂಪೌಂಡಿನಾಚೆಯಿಂದ ಅವಸರಕ್ಕೆ ಎಳೆದಾಗ ಬಳ್ಳಿ ಗೆಣ್ಣಿನ ಸಮೇತ ಕಿತ್ತು ಬರುತ್ತದೆ, ಗುಟ್ಟು ಅಷ್ಟೇ ಇರಬೇಕು. ಕೇಳಿ ತೆಗೆದುಕೊಂಡರೂ ಬರುತ್ತದೆ, ಗೆಣ್ಣಿದ್ದರೆ ಸಾಕು. ಬರೀ ಎಲೆ ಮತ್ತು ತೊಟ್ಟು ನೀರಿನಲ್ಲಿಟ್ಟರೆ ಬೇರು ಬರಬಹುದು, ಆದರೆ ಮೊಗ್ಗಿಲ್ಲದ ಕಾರಣ ಅದರಿಂದ ಬಳ್ಳಿ ಎಂದಿಗೂ ಹೊರಡುವುದಿಲ್ಲ.

ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಗೆಣ್ಣಿಗೆ ಒಂದು ಸೆಂಟಿಮೀಟರ್ ಕೆಳಗೆ ಕತ್ತರಿಸಿ. ಒಂದೊಂದು ತುಂಡಿಗೆ ಎರಡು ಮೂರು ಗೆಣ್ಣು, ಮೇಲೆ ಒಂದೋ ಎರಡೋ ಎಲೆ. ಕೆಳಗಿನ ಎಲೆ ತೆಗೆದುಬಿಡಿ. ಗಾಳಿಬೇರಿನ ಮೊಳಕೆ ದಪ್ಪಗಿರುವ ತುಂಡು ಬೇಗ ಹಿಡಿಯುತ್ತದೆ. ನೀರಿನಲ್ಲಿಟ್ಟರೆ ಬೆಚ್ಚಗಿನ ದಿನಗಳಲ್ಲಿ ಒಂದೆರಡು ವಾರಕ್ಕೆ ಬಿಳಿ ಬೇರು ಕಾಣಿಸುತ್ತದೆ, ಎರಡು ಇಂಚಾದೊಡನೆ ಮಣ್ಣಿಗೆ ಸಾಗಿಸಿ. ಇನ್ನೂ ಇರಲಿ ಎಂದು ತಿಂಗಳುಗಟ್ಟಲೆ ಬಿಟ್ಟರೆ ಅದು ನೀರಿನ ಬದುಕಿಗೆ ಒಗ್ಗಿಹೋದ ಬೇರಾಗುತ್ತದೆ, ಮುಟ್ಟಿದರೆ ಮುರಿಯುತ್ತದೆ, ಮಣ್ಣಿಗೆ ಹೋದಮೇಲೆ ಗಿಡ ಹದಿನೈದು ದಿನ ಜೋಲುತ್ತದೆ. ಇದಕ್ಕಿಂತ ಒಳ್ಳೆಯದು, ತೊಳೆದ ಕೊಕೊಪೀಟಿನಲ್ಲಿ (ತೆಂಗಿನ ನಾರಿನ ಪುಡಿ) ನೇರ ಊರಿ, ಮೇಲೆ ಪಾರದರ್ಶಕ ಡಬ್ಬಿ ಬೋರಲು ಹಾಕಿ ನೆರಳಿನಲ್ಲಿಡುವುದು.

ನರ್ಸರಿಯಿಂದ ತಂದ ಗಿಡವಾದರೆ ಬುಡ ಬಿಡಿಸಿ ನೋಡಿ. ಬೇರಿನ ಸುತ್ತ ಅಂಟಾದ ಕೆಂಪು ಮಣ್ಣಿನ ಉಂಡೆಯೋ, ಪುಟ್ಟ ಪ್ಲಾಸ್ಟಿಕ್ ಜಾಲರಿ ಬುಟ್ಟಿಯೋ ಇದ್ದರೆ ತೆಗೆಯಬೇಕು. ಆ ಉಂಡೆ ಒಣಗಿದರೆ ಕಲ್ಲು, ಹೊರಗಿನ ಹೊಸ ಮಣ್ಣು ಒದ್ದೆಯಿದ್ದರೂ ಒಳಗೆ ನೀರಿಳಿಯುವುದಿಲ್ಲ. ಬಕೆಟ್ ನೀರಿನಲ್ಲಿ ಅರ್ಧ ತಾಸು ನೆನೆಸಿ ಬೆರಳಲ್ಲಿ ಮೆಲ್ಲಗೆ ಬಿಡಿಸಿದರೆ ಬೇರು ಹರಿಯದೆ ಬರುತ್ತದೆ.

ಕೋಲು

ಅಂಗಡಿಯಲ್ಲಿ ಮಾಸ್ ಸ್ಟಿಕ್ ಎಂದು ಕೊಡುವುದು ಬಹುತೇಕ ಪಿವಿಸಿ ಪೈಪಿಗೆ ತೆಂಗಿನ ನಾರು ಸುತ್ತಿದ ಕೋಲು. ಮಾಸ್, ಅಂದರೆ ಹಾವಸೆ, ಅದರಲ್ಲಿ ಇರುವುದಿಲ್ಲ. ನಾರಿನ ಪದರ ಅರ್ಧ ಇಂಚೂ ಇಲ್ಲದ ಕಾರಣ ನೀರು ಹಾಕಿದ ಒಂದೆರಡು ತಾಸಿಗೆ ಒಣಗುತ್ತದೆ. ಬಳ್ಳಿ ಅದಕ್ಕೆ ಒರಗುತ್ತದೆ ಹೊರತು ಬೇರು ಊರುವುದಿಲ್ಲ. ವರ್ಷವಾದಮೇಲೆ ದಾರ ಬಿಚ್ಚಿದರೆ ಬಳ್ಳಿ ಹಾಗೇ ಕಳಚಿ ಬೀಳುತ್ತದೆ. ಈಗಾಗಲೇ ಅಂಥದ್ದು ಇದ್ದರೆ ಅದನ್ನೇ ಒಳಗಿನ ಗೂಟವಾಗಿಟ್ಟು, ಹೊರಗೆ ಕೆಳಗಿನ ಹಾಗೆ ಜಾಲರಿ ಕೊಳವೆ ಮಾಡಿಕೊಳ್ಳಿ.

ಬೇಕಾಗುವುದು ಇಷ್ಟು: ಮುಕ್ಕಾಲು ಇಂಚಿನ ಪಿವಿಸಿ ಪೈಪ್ 42 ಇಂಚು, ಕಾಲಿಂಚು ಕಣ್ಣಿನ ಪ್ಲಾಸ್ಟಿಕ್ ಜಾಲರಿ 36 ಇಂಚು ಉದ್ದ, 11 ಇಂಚು ಅಗಲ, ಕೇಬಲ್ ಟೈ ಹತ್ತು ಹನ್ನೆರಡು, 650 ಗ್ರಾಂನ ಕೊಕೊಪೀಟ್ ಇಟ್ಟಿಗೆ ಒಂದು, ತೆಂಗಿನ ಸಿಪ್ಪೆಯ ಚೂರು ಒಂದೂವರೆ ಲೀಟರ್, ಆರಿಂಚಿನ ಎರಡು ಗಟ್ಟಿ ಕಡ್ಡಿ. ಕಬ್ಬಿಣದ ಜಾಲರಿ ಬೇಡ, ಸದಾ ಒದ್ದೆಯಿರುವ ಕೆಲಸ, ತುಕ್ಕು ಹಿಡಿಯುತ್ತದೆ.

1. ಕೊಕೊಪೀಟ್ ಇಟ್ಟಿಗೆಯನ್ನು 4–5 ಲೀಟರ್ ನೀರಿನಲ್ಲಿ ನೆನೆಹಾಕಿ. ಅದು ಅರಳಿ 8 ಲೀಟರಿನಷ್ಟಾಗುತ್ತದೆ. ಹಿಂಡಿ, ಇನ್ನೆರಡು ನೀರಿನಲ್ಲಿ ತೊಳೆಯಿರಿ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರುತ್ತದೆ. ತೊಳೆಯದೆ ತುಂಬಿದರೆ ಊರಲು ಬಂದ ಬಿಳಿ ಬೇರಿನ ತುದಿ ಕಂದಾಗಿ ಸುಟ್ಟುಹೋಗುತ್ತದೆ.

2. ಪೈಪಿನ ಬುಡದಲ್ಲಿ ಒಂದಕ್ಕೊಂದು ಅಡ್ಡಲಾಗಿ ತೂತು ಕೊರೆದು ಎರಡು ಕಡ್ಡಿ ತೂರಿಸಿ, ಅಧಿಕ ಚಿಹ್ನೆಯಂತೆ. ಕುಂಡದ ತಳದಲ್ಲಿ ಇದರ ಮೇಲೆ ನಾಲ್ಕು ದಪ್ಪ ಕಲ್ಲು ಬಿದ್ದರೆ ಕೋಲು ಅಲ್ಲಾಡುವುದಿಲ್ಲ. ಇದನ್ನು ಬಿಟ್ಟವರ ಕೋಲು, ನೀರು ಕುಡಿದ ಭಾರಕ್ಕೂ ಎಲೆಯ ಭಾರಕ್ಕೂ ಆರು ತಿಂಗಳಲ್ಲಿ ವಾಲುತ್ತದೆ.

3. ಜಾಲರಿಯನ್ನು ಉದ್ದಕ್ಕೆ ಸುತ್ತಿ, ಅಂಚಿಗೆ ಅಂಚು ಒಂದಿಂಚು ಮೇಲೆ ಬರುವಂತೆ ಟೈ ಹಾಕಿ. ಸುಮಾರು ಮೂರು ಇಂಚು ಅಡ್ಡಳತೆಯ ಕೊಳವೆಯಾಗುತ್ತದೆ. ಟೈಗಳನ್ನು ಬಿಗಿಯಾಗಿ ಎಳೆಯಬೇಡಿ, ಮುಂದೆ ಬಿಚ್ಚುವ ಸಂದರ್ಭ ಬರುತ್ತದೆ.

4. ಕೊಳವೆಯ ಹಿಂಬದಿಯ ಅರ್ಧಕ್ಕೆ, ಅಂದರೆ ಗೋಡೆಯ ಕಡೆ ಬರುವ ಭಾಗಕ್ಕೆ, ಒಳಗಡೆಯಿಂದ ದಪ್ಪ ಪ್ಲಾಸ್ಟಿಕ್ ಹಾಳೆ ಕೊಡಿ. ನೀರು ಆರುವ ಮೈ ಅರ್ಧಕ್ಕರ್ಧ ತಗ್ಗುತ್ತದೆ. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಇದು ಬೇಕಾಗಿಲ್ಲ. ಬಳ್ಳಾರಿ, ಕಲಬುರಗಿ, ರಾಯಚೂರಿನ ಬೇಸಿಗೆಗೆ ಬೇಕೇ ಬೇಕು.

5. ಕುಂಡದಲ್ಲಿ ಪೈಪ್ ನಿಲ್ಲಿಸಿ, ಕಲ್ಲಿಟ್ಟು, ಅರ್ಧ ಮಣ್ಣು ತುಂಬಿದ ಮೇಲೆ ಕೊಳವೆಯನ್ನು ಮೇಲಿನಿಂದ ಇಳಿಸಿ. ಅದರ ಕೆಳಗಿನ ನಾಲ್ಕು ಇಂಚು ಮಣ್ಣಿನೊಳಗೆ ಹೋಗಲಿ. ಆಮೇಲೆ ಎರಡು ಪಾಲು ಕೊಕೊಪೀಟ್, ಒಂದು ಪಾಲು ಸಿಪ್ಪೆಚೂರು ಬೆರೆಸಿ ಹಿಡಿಹಿಡಿಯಾಗಿ ತುಂಬುತ್ತ ಬನ್ನಿ. ಆರಾರು ಇಂಚಿಗೊಮ್ಮೆ ಕಡ್ಡಿಯಿಂದ ಹಗುರಾಗಿ ಒತ್ತಿ. ಗಟ್ಟಿಯಾಗಿ ಜಡಿದರೆ ಗಾಳಿ ಆಡುವುದಿಲ್ಲ, ಸಡಿಲ ಬಿಟ್ಟರೆ ತಿಂಗಳಲ್ಲಿ ಮೇಲಿನ ಅರ್ಧ ಅಡಿ ಖಾಲಿಯಾಗುತ್ತದೆ.

ಸ್ಫ್ಯಾಗ್ನಮ್ ಹಾವಸೆ ಕೊಕೊಪೀಟಿಗಿಂತ ಮೇಲು, ನಿಜ. ಇಷ್ಟುದ್ದದ ಕೋಲಿಗೆ ಅದನ್ನೇ ತುಂಬಿದರೆ ಗಿಡದ ಬೆಲೆಗಿಂತ ಕೋಲಿನ ಬೆಲೆ ಎಷ್ಟೋ ಪಟ್ಟಾಗುತ್ತದೆ. ಮನಿ ಪ್ಲಾಂಟಿಗೆ ಅಷ್ಟು ಉಪಚಾರ ಬೇಡ.

ಮಣ್ಣು ಮತ್ತು ನೆಡುವುದು

10 ಇಂಚಿನ ಕುಂಡಕ್ಕೆ ಸುಮಾರು ಎಂಟು ಲೀಟರ್ ಮಿಶ್ರಣ ಹಿಡಿಯುತ್ತದೆ. ಮೂರು ಲೀಟರ್ ತೊಳೆದ ಕೊಕೊಪೀಟ್, ಎರಡು ಲೀಟರ್ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಅಥವಾ ಕಡಲೆಕಾಳಿನಷ್ಟು ಗಾತ್ರಕ್ಕೆ ಕುಟ್ಟಿದ ಇದ್ದಿಲು, ಒಂದೂವರೆ ಲೀಟರ್ ಎರೆಹುಳು ಗೊಬ್ಬರ, ಒಂದೂವರೆ ಲೀಟರ್ ಜರಡಿ ಹಿಡಿದ ಕೆಂಪು ಮಣ್ಣು, ಒಂದು ಹಿಡಿ ಬೇವಿನ ಹಿಂಡಿ. ಒಂದು ಕೈಯಲ್ಲಿ ಹಿಂಡಿ ಬಿಟ್ಟರೆ ಉಂಡೆ ಒಡೆದು ಉದುರಬೇಕು. ಹಾಗೇ ನಿಂತರೆ ಇದ್ದಿಲು ಇನ್ನೊಂದು ಬೊಗಸೆ ಸೇರಿಸಿ.

ಇಲ್ಲೊಂದು ಇಕ್ಕಟ್ಟಿದೆ. ಕೋಲು ಬೀಳದಿರಲು ಕುಂಡ ದೊಡ್ಡದಿರಬೇಕು. ಎಳೆ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಬೇರು ತಲುಪದ ಮಣ್ಣೆಲ್ಲ ಒದ್ದೆಯಾಗೇ ಉಳಿದು ಕೊಳೆ ಶುರುವಾಗುತ್ತದೆ. ಅದಕ್ಕೇ ಒಂದು ಕಡ್ಡಿಯ ಬದಲು ನಾಲ್ಕು. ಕೋಲಿನ ಮುಂಭಾಗದಲ್ಲಿ ಅರ್ಧಚಂದ್ರಾಕಾರವಾಗಿ, ಬುಡ ಕೋಲಿಗೆ ಒಂದಿಂಚು ಹತ್ತಿರ ಬರುವಂತೆ, ಗಾಳಿಬೇರಿನ ಮೊಳಕೆಗಳು ಕೋಲಿನ ಕಡೆ ತಿರುಗಿರುವಂತೆ ನೆಡಿ. ಮೊಳಕೆ ಹೊರಮುಖವಾಗಿದ್ದರೆ ಬಳ್ಳಿಯನ್ನು ತಿರುಚಬೇಡಿ, ಬುಡವನ್ನೇ ತಿರುಗಿಸಿ ನೆಡಿ. ಮೇಲಿನ ಒಂದಿಂಚು ನೀರಿಗೆಂದು ಖಾಲಿ ಇರಲಿ.

ಕಟ್ಟುವ ಜಾಗ ಗೆಣ್ಣು. ಎಲೆಯ ತೊಟ್ಟನ್ನು ಸೇರಿಸಿ ಕಟ್ಟಿದರೆ ಎಲೆ ಬೆಳಕಿಗೆ ತಿರುಗಲಾಗದೆ ಹಳದಿಯಾಗುತ್ತದೆ. ತೋಟದಲ್ಲಿ ಮೆಣಸಿನ ಬಳ್ಳಿಗೆ ಬಾಳೆಪಟ್ಟೆ ಕಟ್ಟುತ್ತಾರಲ್ಲ, ಅಂಥದ್ದೇ ಮೆತ್ತನೆಯದು ಬೇಕು: ಹಳೆ ಪಂಚೆಯ ಅಂಚು, ಹತ್ತಿ ದಾರ. ಇನ್ನೂ ಚೊಕ್ಕವಾದ ಉಪಾಯ ಹೇರ್‌ಪಿನ್. ಗೆಣ್ಣಿನ ಎರಡೂ ಬದಿಗೆ ಬರುವಂತೆ ಜಾಲರಿಯ ಕಣ್ಣಿನೊಳಗೆ ಚುಚ್ಚಿಬಿಟ್ಟರೆ ಗೆಣ್ಣು ತೇವಕ್ಕೆ ಒತ್ತಿಕೊಂಡು ಕೂರುತ್ತದೆ. ಮೇಲಿನ ಸುಳಿಯಿರುವ ಗೆಣ್ಣನ್ನು ಮುಟ್ಟಬೇಡಿ, ಅದರ ಕೆಳಗಿನದಕ್ಕೇ ನಿಲ್ಲಿಸಿ. ಮೂರ್ನಾಲ್ಕು ವಾರದ ನಂತರ ಒಂದು ಪಿನ್ ತೆಗೆದು ಬಳ್ಳಿಯನ್ನು ಸ್ವಲ್ಪ ಎಳೆದು ನೋಡಿ. ಬರದಿದ್ದರೆ ಬೇರು ಊರಿದೆ, ಆ ಪಿನ್ ಮೇಲಿನ ಗೆಣ್ಣಿಗೆ ವರ್ಗಾಯಿಸಿ.

ಕೋಲೇಕೆ, ಗೋಡೆಗೇ ಹಬ್ಬಿಸೋಣ ಎನ್ನುವವರಿಗೆ: ಬೇರು ಪೇಂಟಿಗೆ ಅಂಟಿಕೊಳ್ಳುತ್ತದೆ, ಕಿತ್ತಾಗ ಪೇಂಟು ಜೊತೆಗೇ ಬರುತ್ತದೆ. ಒಣ ಗೋಡೆಯಿಂದ ನೀರು ಸಿಗದ ಕಾರಣ ಎಲೆಯೂ ದೊಡ್ಡದಾಗುವುದಿಲ್ಲ. ಬಾಡಿಗೆ ಮನೆಯವರು ಅಡ್ವಾನ್ಸ್ ನೆನಪಿಸಿಕೊಳ್ಳಿ.

ನೀರು

ಕುಂಡದ ನೀರು ಒಂದು, ಕೋಲಿನ ನೀರು ಇನ್ನೊಂದು. ಎರಡನ್ನೂ ಬೇರೆ ಬೇರೆ ಲೆಕ್ಕವಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಕುಂಡಕ್ಕೆ: ಬೆರಳನ್ನು ಎರಡು ಇಂಚು, ಅಂದರೆ ಎರಡನೇ ಗೆರೆಯವರೆಗೆ ಊರಿ ನೋಡಿ. ಅಲ್ಲಿ ಒಣಗಿದ್ದರೆ ಮಾತ್ರ ನೀರು. ಹಾಕಿದರೆ ತಳದಿಂದ ಹರಿಯುವವರೆಗೆ ಹಾಕಿ, ಒಂದರಿಂದ ಒಂದೂವರೆ ಲೀಟರ್ ಹಿಡಿಯುತ್ತದೆ. ಅರ್ಧ ತಾಸಿನ ಮೇಲೆ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ದಿನಾ ಒಂದು ಲೋಟ ಹಾಕುವ ಅಭ್ಯಾಸವೇ ಮನೆಯೊಳಗಿನ ಗಿಡಗಳ ಬಹುಪಾಲು ಸಾವಿಗೆ ಕಾರಣ. ಮೇಲ್ಮೈ ಸದಾ ಒದ್ದೆ, ಒಳಗೆ ಗಾಳಿಯಿಲ್ಲ, ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯದ ಕಾರಣ ಎಲೆ ಬಾಡುತ್ತದೆ. ಬಾಡಿತೆಂದು ಮತ್ತೊಂದು ಲೋಟ.

ಕೋಲಿಗೆ: ಮೇಲಿನ ಬಾಯಿಂದ ನಿಧಾನವಾಗಿ 300ರಿಂದ 500 ಮಿಲಿ. ಕೋಲಿನ ಬುಡದಿಂದ ಮಣ್ಣಿಗೆ ತೊಟ್ಟಿಕ್ಕಲು ಶುರುವಾದೊಡನೆ ನಿಲ್ಲಿಸಬೇಕು. ಮರೆಯುವಂಥದ್ದು ಇದೇ: ಕೋಲಿಗೆ ಹಾಕಿದ ಹೆಚ್ಚಿನ ನೀರೆಲ್ಲ ಕೊನೆಗೆ ಕುಂಡಕ್ಕೇ ಇಳಿಯುತ್ತದೆ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಕೋಲು ತೋಯಿಸುವವರ ಕುಂಡಕ್ಕೆ ಪ್ರತ್ಯೇಕ ನೀರು ಹತ್ತು ದಿನಕ್ಕೊಮ್ಮೆಯೂ ಬೇಕಾಗದಿರಬಹುದು. ಮಳೆಗಾಲದಲ್ಲಿ ಕೋಲಿಗೆ ವಾರಕ್ಕೆ ಎರಡು ಸಲ ಸಾಕು.

ಕೊಕೊಪೀಟ್ ಪೂರ್ತಿ ಒಣಗಲು ಬಿಡಬೇಡಿ. ಒಮ್ಮೆ ಒಣಗಿದರೆ ಅದು ಕುಗ್ಗಿ ನೀರನ್ನೇ ತಳ್ಳುತ್ತದೆ. ನೀವು ಸುರಿದದ್ದು ಪೈಪಿನ ಪಕ್ಕದ ಸಂದಿನಲ್ಲಿ ಜರ್ರೆಂದು ಇಳಿದು ತಟ್ಟೆಗೆ ಬರುತ್ತದೆ, ಕೋಲಿನ ನಡು ಒಣಗಿಯೇ ಇರುತ್ತದೆ. ಊರಿಗೆ ಹೋಗಿ ಬಂದು ಹಾಗಾಗಿದ್ದರೆ ಕಾಲು ಕಾಲು ಲೋಟದಂತೆ ಹತ್ತು ನಿಮಿಷಕ್ಕೊಮ್ಮೆ, ಏಳೆಂಟು ಸಲ ಹಾಕಿ ಮೆತ್ತಗಾಗಿಸಿ. ಹೋಗುವ ಮುಂಚೆಯೇ ಒಂದು ಲೀಟರ್ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಕೋಲಿನ ಬಾಯಿಗೆ ಬೋರಲಾಗಿ ಸಿಕ್ಕಿಸಿದರೆ ಹನಿಹನಿಯಾಗಿ ಇಳಿಯುತ್ತದೆ. ತೂತಿನ ಗಾತ್ರ ಸರಿಯಿದೆಯೇ ಎಂದು ಎರಡು ದಿನ ಮೊದಲೇ ಪರೀಕ್ಷಿಸಿ, ಒಂದು ರಾತ್ರಿಯಲ್ಲಿ ಖಾಲಿಯಾದರೆ ದೊಡ್ಡದಾಯಿತು.

ಬೋರ್‌ವೆಲ್‌ನ ಗಡಸು ನೀರಾದರೆ ಜಾಲರಿಯ ಮೇಲೂ ಕುಂಡದ ಅಂಚಿನಲ್ಲೂ ಬಿಳಿ ಪುಡಿ ಕಟ್ಟುತ್ತದೆ. ಗಿಡ ತಡೆದುಕೊಳ್ಳುತ್ತದೆ, ಎಲೆಯ ತುದಿ ಮಾತ್ರ ಕಂದಾಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ತಿಂಗಳಿಗೊಮ್ಮೆ ಅದರಿಂದ ಕುಂಡವನ್ನು ಧಾರಾಳವಾಗಿ ತೋಯಿಸಿ ಉಪ್ಪು ಕೆಳಗೆ ಹರಿಸಿಬಿಡಿ. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಹಾಕುವುದು ಉಳಿತಾಯದಂತೆ ಕಾಣುತ್ತದೆ, ಆದರೆ ನಲ್ಲಿಯ ನೀರಿನ ಉಪ್ಪೆಲ್ಲ ಸೇರಿ ದಟ್ಟವಾಗಿರುವುದೇ ಅದು. ಅದರಲ್ಲಿ ನೆಲ ಒರೆಸಿ.

ಗೊಬ್ಬರ

ಮೊದಲ ಎರಡು ತಿಂಗಳು ಏನೂ ಬೇಡ, ಎರೆಹುಳು ಗೊಬ್ಬರವೇ ಸಾಕು. ಆಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರ ಒಂದು ಲೀಟರಿಗೆ ಒಂದು ಗ್ರಾಂ, ಹೆಚ್ಚುಕಡಿಮೆ ಕಾಲು ಟೀ ಚಮಚ, ಹದಿನೈದು ದಿನಕ್ಕೊಮ್ಮೆ ಕುಂಡಕ್ಕೆ. ಕೋಲಿನ ಬೇರಿಗೂ ಕೊಡಬಹುದು, ಅಲ್ಲಿಗೆ ಅದರ ಅರ್ಧ ಪ್ರಮಾಣ. ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಬಾರದು, ಮೊದಲು ಸಾದಾ ನೀರು. ಡಿಸೆಂಬರ್, ಜನವರಿಯಲ್ಲೂ, ಮೋಡ ಕವಿದ ಮಲೆನಾಡಿನ ಆಷಾಢದಲ್ಲೂ ನಿಲ್ಲಿಸಿ. ಬೆಳಕಿಲ್ಲದಾಗ ಕೊಟ್ಟ ಗೊಬ್ಬರ ಉಪ್ಪಾಗಿ ಕೂರುತ್ತದೆ.

ಹಾಲು ಸಕ್ಕರೆ ಬೆರೆತ ಟೀ ಚರಟವನ್ನು ಗೊಬ್ಬರವೆಂದು ಹಾಕಬೇಡಿ, ಇರುವೆ ಕರೆಯುತ್ತದೆ. ಹಾಲಿನಲ್ಲೋ ಕೊಬ್ಬರಿ ಎಣ್ಣೆಯಲ್ಲೋ ಎಲೆ ಒರೆಸಿ ಮಿಂಚಿಸುವುದೂ ಬೇಡ, ಧೂಳು ಅಂಟಿ ಎಲೆಯ ಉಸಿರು ಕಟ್ಟುತ್ತದೆ. ಒದ್ದೆ ಬಟ್ಟೆಯಿಂದ ಹದಿನೈದು ದಿನಕ್ಕೊಮ್ಮೆ ಎರಡೂ ಬದಿ ಒರೆಸಿದರೆ ಹೊಳಪು ತಾನೇ ಇರುತ್ತದೆ.

ಎಲೆ ಏನು ಹೇಳುತ್ತಿದೆ

ಬುಡದ ಒಂದೇ ಹಳೆ ಎಲೆ ಹಳದಿಯಾದರೆ ಅದರ ವಯಸ್ಸು. ಒಟ್ಟಿಗೆ ನಾಲ್ಕೈದು ಹಳದಿಯಾಗಿ ಮಣ್ಣೂ ಒದ್ದೆಯಿದ್ದರೆ ಬೇರು ಕೊಳೆಯುತ್ತಿದೆ. ಗಿಡ ಹೊರತೆಗೆದು ಮೂಸಿ ನೋಡಿ. ಒಳ್ಳೆಯ ಬೇರು ಕೆನೆಬಣ್ಣಕ್ಕೆ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು, ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಕೈಯಲ್ಲಿ ಉಳಿಯುತ್ತದೆ, ಚರಂಡಿಯ ವಾಸನೆ ಬರುತ್ತದೆ. ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ಮಿಶ್ರಣದಲ್ಲಿ ನೆಡಿ, ಹಳೆ ಮಣ್ಣು ಮತ್ತೆ ಬಳಸಬೇಡಿ. ಕೋಲಿನಲ್ಲಿ ಬೇರು ಊರಿದ ಬಳ್ಳಿಯಾದರೆ ಒಂದು ಅನುಕೂಲವಿದೆ: ಬುಡ ಪೂರ್ತಿ ಹೋದರೂ ಮೇಲಿನ ಭಾಗ ಕೋಲಿನ ನೀರಿನಲ್ಲೇ ಬದುಕಿರುತ್ತದೆ, ಅದನ್ನು ಕತ್ತರಿಸಿ ಹೊಸ ಗಿಡ ಮಾಡಿಕೊಳ್ಳಬಹುದು.

ಎಲೆ ಬರಬರುತ್ತ ಪೂರ್ತಿ ಹಸಿರಾಗುತ್ತಿದ್ದರೆ ಬೆಳಕು ಸಾಲದು. ಕೊನೆಯ ಬಾರಿ ಹಳದಿ ಚೆನ್ನಾಗಿ ಕಂಡ ಗೆಣ್ಣಿನ ಮೇಲಕ್ಕೆ ಕತ್ತರಿಸಿ, ಜಾಗ ಬದಲಿಸಿ. ಬರೀ ಬಿಳಿ ಎಲೆಗಳೇ ಬರುತ್ತಿದ್ದರೂ ಕತ್ತರಿಸಬೇಕು, ಹಸಿರಿಲ್ಲದ ಕವಲು ತನ್ನ ಅನ್ನ ತಾನು ಸಂಪಾದಿಸಲಾರದು. ಬೆಳಿಗ್ಗೆ ಎಲೆಯ ತುದಿಯಲ್ಲಿ ನೀರ ಹನಿ ಕಂಡರೆ ಗಾಬರಿ ಬೇಡ, ರಾತ್ರಿ ಬೇರು ಹೆಚ್ಚು ನೀರೆಳೆದದ್ದನ್ನು ಎಲೆ ಹೊರಹಾಕಿದೆ.

ತೊಟ್ಟಿನ ಕಂಕುಳಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದನ್ನೂ ಒರೆಸಿ, ನಂತರ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಒಂದು ಮಿಲಿ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ ಸಂಜೆ ಹೊತ್ತು ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ವಾರ; ಒಂದೇ ಸಲ ಮಾಡಿ ಬಿಟ್ಟರೆ ಮೊಟ್ಟೆಗಳು ಒಡೆದು ಮತ್ತೆ ಮೊದಲಿಗೇ ಬರುತ್ತದೆ. ಎಲೆಯಡಿ ಸಣ್ಣ ಬಲೆ, ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಇದ್ದರೆ ಜೇಡನುಸಿ, ಒಣಹವೆಯ ಕಾಯಿಲೆ. ಮೊದಲು ಗಿಡವನ್ನು ಬಚ್ಚಲಿಗೆ ಒಯ್ದು ಎಲೆಯ ಅಡಿಭಾಗಕ್ಕೆ ನೀರು ರಭಸವಾಗಿ ಬಿಡಿ, ಆಮೇಲೆ ಅದೇ ಬೇವಿನೆಣ್ಣೆ. ಮಣ್ಣಿನ ಮೇಲೆ ಕಪ್ಪು ನೊರಜು ಹಾರುತ್ತಿದ್ದರೆ ನೀರು ಹೆಚ್ಚಾಗಿದೆ ಎಂದರ್ಥ. ಒಣಗಲು ಬಿಟ್ಟು ಮೇಲೆ ಅರ್ಧ ಇಂಚು ಮರಳು ಹಾಸಿ.

ಬಾಟಲಿಯಲ್ಲೇ ಇಡುವವರಿಗೆ

ಇಡಬಹುದು. ಹಬ್ಬುವುದಿಲ್ಲ, ಅಷ್ಟೇ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಇಷ್ಟ, ಮೊಟ್ಟೆಯಿಂದ ರೆಕ್ಕೆ ಬರಲು ಅದಕ್ಕೆ ವಾರ ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೂ ದಂಡ ಎಂದಿತು. ವಾರಕ್ಕೊಮ್ಮೆ ನೀರು ಚೆಲ್ಲಿ, ಬಾಟಲಿಯ ಒಳಮೈಯನ್ನು ಬ್ರಷ್ಷಿನಿಂದ ಉಜ್ಜಿ. ಮೊಟ್ಟೆ ಗಾಜಿನ ಗೋಡೆಗೆ ಅಂಟಿರುತ್ತದೆ, ನೀರು ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಬಾಯಿಗೆ ಹತ್ತಿ ತುರುಕಿದರೆ ಇನ್ನೂ ಒಳ್ಳೆಯದು.

ತುದಿ ಮುಟ್ಟಿದ ಮೇಲೆ

ಬಳ್ಳಿ ಕೋಲು ದಾಟಿ ಗಾಳಿಗೆ ಬಿತ್ತೆಂದರೆ ಎಲೆ ಮತ್ತೆ ಸಣ್ಣದಾಗತೊಡಗುತ್ತದೆ. ದಾರಿ ಎರಡು. ಇನ್ನೊಂದು ಕೊಳವೆಯನ್ನು ಮೇಲೆ ಸೇರಿಸಿ ಟೈ ಬಿಗಿಯಬಹುದು, ಆದರೆ ಒಳಗಿನ ಪೈಪಿಗೂ ಜೋಡಣೆ ಬೇಕು, ಮೇಲಿನ ಭಾಗಕ್ಕೆ ನೀರು ಹಾಕಲು ಸ್ಟೂಲು ಹತ್ತಬೇಕು. ಎರಡನೆಯದೇ ಲೇಸು. ವೀಳ್ಯದೆಲೆ ತೋಟದಲ್ಲಿ ಕೈಗೆಟುಕದಷ್ಟು ಎತ್ತರ ಹೋದ ಬಳ್ಳಿಯನ್ನು ಇಳಿಸಿ ಬುಡಕ್ಕೆ ಮಣ್ಣು ಕೊಡುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ: ಮೇಲಿನ ನಾಲ್ಕೈದು ಗೆಣ್ಣುಗಳ ಹತ್ತಿರ ಜಾಲರಿಯ ಟೈ ಬಿಚ್ಚಿ, ಬೇರು ಹಿಡಿದ ಕೊಕೊಪೀಟಿನ ಸಮೇತ ಮೆಲ್ಲಗೆ ಬಿಡಿಸಿ ಕತ್ತರಿಸಿ, ಹೊಸ ಕೋಲಿನ ಬುಡಕ್ಕೆ ನೆಡುವುದು. ಬೇರು ಆಗಲೇ ಇರುವುದರಿಂದ ಗಿಡ ಬಾಡುವುದಿಲ್ಲ, ಎಲೆಯ ಗಾತ್ರವೂ ಬಹಳ ಹಿಂದೆ ಸರಿಯುವುದಿಲ್ಲ. ಹಳೆ ಕೋಲಿನಲ್ಲಿ ಉಳಿದ ಮೋಟು ಬಳ್ಳಿಯ ಮೇಲಿನ ಗೆಣ್ಣುಗಳಿಂದ ಮೂರ್ನಾಲ್ಕು ವಾರದಲ್ಲಿ ಹೊಸ ಕವಲು ಒಡೆಯುತ್ತದೆ. ಇದಕ್ಕೆ ಫೆಬ್ರವರಿಯಿಂದ ಜೂನ್ ಒಳ್ಳೆಯ ಕಾಲ.

ಒಳ್ಳೆಯ ಬೆಳಕು, ಒಣಗದ ಕೋಲು ಇದ್ದರೆ ಅಂಗೈಯಷ್ಟಿದ್ದ ಎಲೆ ಕೋಲಿನ ತುದಿಗೆ ಎರಡು ಅಂಗೈ ಅಗಲ ಆಗುತ್ತದೆ. ಮರದ ಮೇಲಿನಂತೆ ಸೀಳು ಬೀಳುವುದನ್ನು 32 ಇಂಚಿನಲ್ಲಿ ನಿರೀಕ್ಷಿಸಬೇಡಿ. ಮನೆಯ ಗಾಳಿಯೆಲ್ಲ ಶುದ್ಧವಾಗುತ್ತದೆ ಎಂಬ ಮಾತನ್ನೂ ಅಷ್ಟಾಗಿ ನಂಬಬೇಡಿ. ಆ ಮಾತಿಗೆ ಆಧಾರವಾದ ನಾಸಾದ 1989ರ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ. ಕಿಟಕಿ ಬಾಗಿಲಿರುವ ಮನೆಗೆ ಆ ಲೆಕ್ಕ ಹೊಂದುವುದಿಲ್ಲ.

ಕತ್ತರಿಸುವಾಗ ಬರುವ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಕೆಸುವಿನೆಲೆ ತುರಿಸುವುದೂ ಇದರಿಂದಲೇ, ಪತ್ರೊಡೆಗೆ ಹುಣಸೆಹುಳಿ ಬೀಳುವುದೂ ಇದಕ್ಕೇ. ಸೂಕ್ಷ್ಮ ಚರ್ಮದವರು ಗ್ಲೌಸ್ ಹಾಕಿಕೊಳ್ಳಿ, ಕಣ್ಣು ಮುಟ್ಟುವ ಮುಂಚೆ ಕೈ ತೊಳೆಯಿರಿ. ಮಗು, ಬೆಕ್ಕು, ನಾಯಿ ಎಲೆ ಅಗಿದರೆ ಬಾಯಿ ಉರಿ, ಜೊಲ್ಲು, ವಾಂತಿ ಆಗಬಹುದು. ಬಾಯಿ ಒರೆಸಿ ತಣ್ಣೀರು ಕುಡಿಸಿ, ಊತ ಕಂಡರೆ ಅಥವಾ ನುಂಗಲು ಕಷ್ಟವಾದರೆ ತಡಮಾಡದೆ ವೈದ್ಯರಲ್ಲಿಗೆ. ತೆವಳುವ ಮಗುವಿರುವ ಮನೆಯಲ್ಲಿ ಕುಂಡ ಮೇಜಿನ ಮೇಲಿರಲಿ.

ಬೇಡವಾದ ತುಂಡುಗಳನ್ನು ಖಾಲಿ ಸೈಟಿಗೋ ಹಳ್ಳದ ಬದಿಗೋ ಎಸೆಯಬೇಡಿ. ಬಿದ್ದಲ್ಲೇ ಬೇರು ಬಿಡುವ ಜಾತಿ ಇದು. ಶ್ರೀಲಂಕಾ, ಹವಾಯಿಗಳ ಕಾಡಿನಲ್ಲಿ ಹೀಗೇ ನುಗ್ಗಿ ನೆಲವನ್ನೂ ಮರಗಳನ್ನೂ ಮುಚ್ಚಿದೆ. ಗೆಣ್ಣು ಗೆಣ್ಣು ಕತ್ತರಿಸಿ ಎರಡು ದಿನ ಕಟು ಬಿಸಿಲಿನಲ್ಲಿ ಒಣಗಿಸಿ, ಹಸಿ ಕಸದ ಬುಟ್ಟಿಗೆ ಹಾಕಿ.